ಮಾಧುರಿ ಕೈ ಎತ್ತಿದಾಗ

ನಮ್ಮ ಮನೂರ್ ಕಡೆ ಹಲ್ಲುನೋವಿಗೆ ಡಾಕ್ಟರುಗಳ ಬರವಿಲ್ಲ. ಓಣಿಯಲ್ಲಿ ಇರುವವರೆಲ್ಲ ಡಾಕ್ಟರೇ. ಒಬ್ಬಾಕೆ ಲವಂಗ ಕಚ್ಚು ಅನ್ನುತ್ತಾಳೆ, ಇನ್ನೊಬ್ಬಾಕೆ ತಂಬಾಕು ಒತ್ತು ಅನ್ನುತ್ತಾಳೆ. ಪಕ್ಕದ ಮನೆಯ ಹಣಮಮ್ಮಾಯಿಯದು ಬೇರೆಯೇ ರಾಗ. "ನಮ್ಮ ಕಾಲದಾಗ ಬೇವಿನ ಕಡ್ಡಿ, ಒಲಿ ಬೂದಿ, ಅಷ್ಟೇ. ಯಾವ ದವಾಖಾನಿ ಕಂಡೀವಿ?" ಅನ್ನುತ್ತಾಳೆ.

ಆ ಕಾಲ ನನಗೂ ನೆನಪಿದೆ. ಬಾಯಲ್ಲಿ ಕಡ್ಡಿ ಇಟ್ಟುಕೊಂಡು ಬಾವಿಕಟ್ಟೆಯ ಮೇಲೆ ಕೂತರೆ ಊರ ಸುದ್ದಿಯೆಲ್ಲ ಮುಗಿಯುವ ತನಕ ಹಲ್ಲುಜ್ಜುತ್ತಿದ್ದೆವು. ಆಗ ಮಕ್ಕಳ ಕೈಗೆ ದಿನಾ ಬಿಸ್ಕೀಟು, ಚಾಕ್ಲೇಟು ಎಲ್ಲಿ ಸಿಗುತ್ತಿತ್ತು? ಈಗ ಆ ಬಾವಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಅತ್ತ ಹೋದಾಗಲೆಲ್ಲ ಮನಸ್ಸಿಗೆ ಬೇಜಾರಾಗುತ್ತದೆ.

ಈ ಹಣಮಮ್ಮಾಯಿಯ ಮೊಮ್ಮಗಳು ಮಾಧುರಿಗೆ ಹನ್ನೊಂದು ವರ್ಷ. ಅವಳಿಗೆ ಆಟಿಸಂ ಇದೆ. ಮಾತು ಕಡಿಮೆ. ಮಿಕ್ಸರ್ ಸದ್ದಾದರೆ ಕಿವಿ ಮುಚ್ಚಿಕೊಳ್ಳುತ್ತಾಳೆ, ಗೊತ್ತಿಲ್ಲದವರು ಮುಟ್ಟಿದರೆ ಚೀರುತ್ತಾಳೆ. ಹೋದ ವರ್ಷ ಇದ್ದಕ್ಕಿದ್ದಂತೆ ಊಟ ಬಿಟ್ಟಳು. ಎಡಗೆನ್ನೆಗೆ ತಾನೇ ಹೊಡೆದುಕೊಳ್ಳತೊಡಗಿದಳು. ದೃಷ್ಟಿಯಾಗಿದೆ ಎಂದು ಆಯಿ ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ತಾಯಿ ಸರಿತಾ ಮಾತ್ರ ಮಗಳು ಆಕಳಿಸುವ ಹೊತ್ತು ಕಾದು ಬಾಯೊಳಗೆ ನೋಡಿದಳು. ದವಡೆ ಹಲ್ಲು ಕಪ್ಪಾಗಿ ತೂತು ಬಿದ್ದಿತ್ತು.

ಆಮೇಲೆ ಮನೆಯವರು ಒಂದು ಎಡವಟ್ಟು ಮಾಡಿದರು. ಮಾಧುರಿಗೆ ಝರಾಸಂಗಂ ಗುಡಿಯ ಹೊಂಡದ ನೀರು ನೋಡುತ್ತ ಕೂರುವುದೆಂದರೆ ಪ್ರಾಣ. "ಗುಡಿಗೆ ಹೋಗಮು ನಡಿ" ಎಂದು ಹೊಸ ಲಂಗ ಉಡಿಸಿ ಆಟೋ ಹತ್ತಿಸಿದರು. ಇಳಿಸಿದ್ದು ಹಲ್ಲಿನ ಆಸ್ಪತ್ರೆಯ ಮುಂದೆ. ಮುಖದ ಮೇಲೆ ಲೈಟು, ಕಿವಿ ಪಕ್ಕ ಮಷಿನ್. ಆಯಿ ಕೈ ಹಿಡಿದಳು, ಸರಿತಾ ಕಾಲು, ಇನ್ಯಾರೋ ತಲೆ. ಮಾಧುರಿ ಒಬ್ಬರ ಬೆರಳು ಕಚ್ಚಿ ಓಡಿಬಂದಳು. ಹಲ್ಲು ಇದ್ದಲ್ಲೇ ಇತ್ತು, ನಂಬಿಕೆ ಹೋಯಿತು. ಅಂದಿನಿಂದ ಮನೆಯವರಿಗೂ ಬಾಯಿ ತೋರಿಸಲಿಲ್ಲ. ವಾರ ಕಳೆಯುವುದರೊಳಗೆ ಕೆನ್ನೆ ಊದಿತು.

ನಮ್ಮ ಹೆಂಗಸರ ಸಂಘದ ಸಭೆಗೆ ಸ್ವರೂಪಾ ಬಂದಿದ್ದಳು. ನಮ್ಮೂರ ಮಗಳೇ, ವಿಶೇಷ ಮಕ್ಕಳಿಗೆ ಕಲಿಸುವ ಟೀಚರು. ಆಯಿಯ ಪಕ್ಕ ಕೂತಿದ್ದ ಮಾಧುರಿಯನ್ನು ನೋಡಿದವಳೇ ಅಂದಳು:

"ಆಯೀ, ಗಲ್ಲ ಊದ್ಯದ. ತಡ ಮಾಡಬ್ಯಾಡ್ರಿ. ಜ್ವರ ಬಂದ್ರ, ನುಂಗಾಕ, ಉಸಿರಾಡಾಕ ತ್ರಾಸ ಆದ್ರ ಆಗಿಂದಾಗಲೇ ದೊಡ್ಡ ದವಾಖಾನಿಗೆ ಓಡಬೇಕು."

"ಏನ್ ಓಡೋದವ್ವಾ? ಮತ್ತ ಮಂದಿ ಕೂಡಿ ಹಿಡೀಬೇಕು. ಆಕಿ ಚೀರೋದು ನನ್ನ ಕೈಲಿ ನೋಡಾಕ ಆಗಲ್ಲ. ತಾನೇ ಹೋಗ್ತದ ಬಿಡು."

"ತಾನೇ ಹೋಗಲ್ರಿ, ಕೀವು ಆಗ್ತದ. ಹಿಡಿಯೋದ್ಯಾಕ? ಜಹೀರಾಬಾದಿನಾಗ ಬಾಲಮಣಿ ಡಾಕ್ಟರ್ ಅದಾರ. ಏನ್ ಮಾಡ್ತೀನಿ ಅಂತ ಮೊದಲು ಹೇಳ್ತಾರ, ತೋರಸ್ತಾರ, ಆಮ್ಯಾಲ ಮಾಡ್ತಾರ. ಮಾಧುರಿ ಕೈ ಎತ್ತಿದ್ರ ನಿಲ್ಲಸ್ತಾರ."

"ಹೋಗೇ! ಸಣ್ಣ ಹುಡುಗಿ ಕೈ ಎತ್ತಿದ್ರ ಡಾಕ್ಟರ್ ನಿಲ್ತಾರೇನು? ಎಲ್ಲ್ಯಾರ ಕೇಳೀಯೇನು?"

ನನಗೆ ಸುಮ್ಮನಿರಲಾಗಲಿಲ್ಲ. "ಆಯೀ, ನಿಮ್ಮ ಬಲಗೈ ಚೇಳಿಗೆ ಬಾಲ ಯಾಕಿಲ್ಲ? ಜರಾ ಹೇಳ್ರಿ ಎಲ್ಲಾರಿಗೂ" ಅಂದೆ.

ಹೆಂಗಸರೆಲ್ಲ ನಕ್ಕರು. ಆಯಿಯ ಎಡಗೈ ತುಂಬ ಹಸಿರು ಹಚ್ಚೆ ಇದೆ, ತುಳಸಿಕಟ್ಟೆ, ಬಾಸಿಂಗ, ಬಳ್ಳಿ. ಬಲಗೈ ಮೇಲೆ ಒಂದೇ ಚೇಳು, ಅದೂ ಅರ್ಧ. ಆಯಿ ಸೆರಗಿನಿಂದ ಕೈ ಮುಚ್ಚಿಕೊಂಡಳು, ಆಮೇಲೆ ತಾನೂ ನಕ್ಕಳು.

"ಸುಗ್ಗಿ ಆದ ಮ್ಯಾಲ ಹಚ್ಚಿ ಹಾಕಾಕಿ ಬರ್ತಿದ್ಲು. ಮೊದಲು ಡಬ್ಬಿ ತೆಗೆದು ಸೂಜಿ ತೋರಸ್ತಿದ್ಲು. 'ಈಗ ಒಂದು ಚುಕ್ಕಿ ಮಗಳೇ' ಅಂದ್ರ ಒಂದೇ ಚುಕ್ಕಿ ಇಡ್ತಿದ್ಲು. ನಾ ಕೈ ಎಳದ್ರ ಸೂಜಿ ಎತ್ತಿ ಹಾಡು ಹಾಡ್ತಿದ್ಲು. ಎಡಗೈ ಹಂಗೇ ತುಂಬಿತು. ಬಲಗೈಗೆ ಬಂದಾಗ ನಮ್ಮಣ್ಣಗ ಅವಸರ. ಬಂದವನೇ ರಟ್ಟಿ ಗಟ್ಟಿ ಹಿಡದ. ಜೀವ ಹೋದಂಗ ಆತು. ಕೊಸರಿಕೊಂಡು ಹಳ್ಳದ ತನಕ ಓಡಿದೆ. ಮತ್ತ ಕೈ ಕೊಡಲೇ ಇಲ್ಲ."

ಹೇಳುತ್ತ ಹೇಳುತ್ತ ಆಯಿಯ ದನಿ ಸಣ್ಣದಾಯಿತು. "ನಮ್ಮಣ್ಣ ಮಾಡಿದ್ದೇ ನಾನೂ ಮಾಡೀನಲ್ಲವ್ವಾ..." ಎಂದು ಕಣ್ಣೊರೆಸಿಕೊಂಡಳು. ಹಚ್ಚೆಯ ಹೆಂಗಸರ ಆ ಹಾಡು ನಮ್ಮಲ್ಲಿ ಕೆಲವರಿಗೆ ಇನ್ನೂ ನೆನಪಿತ್ತು. ಈಗ ಅವರು ನಮ್ಮೂರಿಗೆ ಬರುವುದಿಲ್ಲ.

ಸರಿತಾ ಅಲ್ಲಿಂದಲೇ ಬಾಲಮಣಿ ಡಾಕ್ಟರಿಗೆ ಫೋನ್ ಮಾಡಿದಳು. ಮಗಳಿಗೆ ಯಾವ ಸದ್ದು ಆಗದು, ಎಲ್ಲಿ ಮುಟ್ಟಿದರೆ ಹೆದರುತ್ತಾಳೆ, ಯಾವ ಗುಳಿಗೆ ತಗೊಳ್ಳುತ್ತಾಳೆ, ಎಲ್ಲ ಹೇಳಿದಳು. "ನಾಳೆನೇ ಕರಕೊಂಡು ಬರ್ರಿ, ಜನ ಬರೋಕಿಂತ ಮೊದಲು" ಅಂದರು ಡಾಕ್ಟರು. ಸ್ವರೂಪಾ ಮಾಧುರಿಗೆ ಮೊಬೈಲಿನಲ್ಲಿ ಆಸ್ಪತ್ರೆಯ ಬಾಗಿಲು, ಕುರ್ಚಿ, ಡಾಕ್ಟರ ಮುಖದ ಫೋಟೋ ತೋರಿಸಿದಳು. ಆಯಿ ಮೊಮ್ಮಗಳ ಎದುರು ಕೂತು, "ಗುಡಿ ಅಲ್ಲವ್ವಾ, ಹಲ್ಲಿನ ದವಾಖಾನಿ" ಎಂದು ಖರೆ ಮಾತು ಹೇಳಿದಳು.

ಮರುದಿನ ಆಸ್ಪತ್ರೆಯ ಮುಂದೆ ಮಾಧುರಿ ಆಟೋದಿಂದ ಇಳಿಯಲಿಲ್ಲ. ಡಾಕ್ಟರೇ ಹೊರಗೆ ಬಂದರು. ದೂರ ನಿಂತು ಮಾತಾಡಿಸಿ, ಕೆನ್ನೆ ನೋಡಿ, ಊತಕ್ಕೆ ಔಷಧಿ ಬರೆದು ಕಳಿಸಿದರು. ಊತ ಇಳಿದ ಮೇಲೆ ಮತ್ತೆ ಹೋದೆವು, ನಾನೂ ಜೊತೆಗಿದ್ದೆ. ಮಾಧುರಿಯ ಕಣ್ಣಿಗೆ ಕಪ್ಪು ಕನ್ನಡಕ, ಕಿವಿಗೆ ಸದ್ದು ತಡೆಯುವ ಹೆಡ್‌ಫೋನ್, ಪಕ್ಕದಲ್ಲಿ ತಾಯಿ. ಡಾಕ್ಟರು ಪುಟ್ಟ ಕನ್ನಡಿಯನ್ನು ಮೊದಲು ಮಾಧುರಿಯ ಕೈಗೇ ಕೊಟ್ಟರು.

"ಈಗ ಕನ್ನಡಿ ಬಾಯಾಗ ಇಡ್ತೀನಿ. ಬ್ಯಾಡ ಅನಿಸಿದ್ರ ಕೈ ಎತ್ತು" ಅಂದರು.

ಮಾಧುರಿ ತಕ್ಷಣ ಕೈ ಎತ್ತಿದಳು. ಡಾಕ್ಟರು ಹಿಂದೆ ಸರಿದು ಸುಮ್ಮನೆ ಕೂತರು. ಸ್ವಲ್ಪ ಹೊತ್ತಿಗೆ ಮತ್ತೆ ಹತ್ತಿರ ಬಂದರು. ಮಾಧುರಿ ಮತ್ತೆ ಕೈ ಎತ್ತಿದಳು. ಡಾಕ್ಟರು ಮತ್ತೆ ನಿಂತರು. ಹುಡುಗಿ ಅವರನ್ನು ಪರೀಕ್ಷೆ ಮಾಡುತ್ತಿದ್ದಳು! ಆಯಿ ನನ್ನ ಕೈ ಎಷ್ಟು ಒತ್ತಿ ಹಿಡಿದಿದ್ದಳೆಂದರೆ ಬಳೆ ಚುಚ್ಚಿತು. ಆಮೇಲೆ, ಯಾರೂ ಹೇಳದೆ, ಮಾಧುರಿ ತಾನೇ ಬಾಯಿ ತೆರೆದಳು.

ಕೆಟ್ಟದ್ದು ಉದುರದೆ ಉಳಿದಿದ್ದ ಹಾಲುಹಲ್ಲು. ಮುಂದಿನ ಸಲ ದವಡೆ ಮರಗಟ್ಟಿಸಿ, ನಿಲ್ಲಿಸಿ ನಿಲ್ಲಿಸಿ ತೆಗೆದರು. "ಹಿಂಗ ಮಾಡಿದ್ರೂ ಕೆಲವರಿಗೆ ಆಗಲ್ಲ" ಅಂದರು ಡಾಕ್ಟರು. "ಅಂಥವರಿಗೆ ದೊಡ್ಡ ದವಾಖಾನಿಯಾಗ, ಅರಿವಳಿಕೆ ಡಾಕ್ಟರ್ ಇದ್ದಲ್ಲಿ, ನಿದ್ದಿ ಬರಿಸಿ ಮಾಡಬಹುದು. ಹೆದರಬ್ಯಾಡ್ರಿ, ಕೇಳ್ರಿ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಇಂಥ ಮಗು ಇದ್ದೀತು, ದೊಡ್ಡವರೂ ಇದ್ದಾರು. ಊಟ ಬಿಟ್ಟರೆ, ಕೆನ್ನೆ ಹೊಡೆದುಕೊಂಡರೆ, ನಿದ್ದೆಗೆಟ್ಟರೆ ಹಟ ಅನ್ನಬೇಡಿ, ಒಮ್ಮೆ ಹಲ್ಲು ತೋರಿಸಿ. ದಿನಾ ಅದೇ ಹೊತ್ತಿಗೆ ಮೆತ್ತನೆಯ ಬ್ರಷ್‌ನಿಂದ ಹಲ್ಲುಜ್ಜಿಸಿ. ಪೇಸ್ಟಿನ ರುಚಿ ಸೇರದಿದ್ದರೆ ಬೇರೆ ಪೇಸ್ಟ್ ಕೇಳಿ ತನ್ನಿ. ನೋವಿಲ್ಲದಾಗಲೇ ಡಾಕ್ಟರ ಪರಿಚಯ ಮಾಡಿಸಿ. ಸುಳ್ಳು ಹೇಳಿ ಕರೆದೊಯ್ಯಬೇಡಿ, ಕೈಕಾಲು ಅಮುಕಬೇಡಿ. ಮಗು ಬೇಡ ಅಂದಾಗ ಒಮ್ಮೆ ನಿಂತು ನೋಡಿ. ಬೇಡ ಅಂದರೆ ನಿಲ್ಲುತ್ತಾರೆ ಎಂಬ ಧೈರ್ಯ ಬಂದರೆ, ಮಗು ತಾನಾಗಿಯೇ ಬಾಯಿ ತೆರೆದೀತು.