ಕೊಪ್ಪರಿಗೆಯ ಸುಳಿ

ಚಿಕ್ಕೇರೂರಿನಲ್ಲಿ ನನ್ನಪ್ಪ ದ್ಯಾಮಪ್ಪನಂತೆ ಬೆಲ್ಲ ಕಾಯಿಸುವವರು ಇನ್ನೊಬ್ಬರಿರಲಿಲ್ಲ. ಮಗಳ ಬಡಾಯಿ ಅಲ್ಲ, ಬೇಕಾದರೆ ಯಾರನ್ನಾದರೂ ಕೇಳಿ. ಇಸವಿ ಮೂವತ್ತೆಂಟರ ಸುಗ್ಗಿಯಲ್ಲಿ ಅವನಿಗೆ ಲಕ್ವಾ ಹೊಡೆದು ಬಲಗೈ ಬಿತ್ತು, ನಾಲಗೆ ತೊಡರಿತು. ಸುಗ್ಗಿಯ ನಡುವೆ ಊರಲ್ಲಿ ಬೇರೆ ಕೈ ಸಿಗದೆ ಗಾಣದ ಒಡೆಯ ಬಸವಣ್ಣೆಪ್ಪಗೌಡರು ಕಬ್ಬಿನ ರಸ ಕಲಕುವ ಹುಟ್ಟನ್ನು ನನಗೆ ಕೊಟ್ಟರು.

ಮೊದಲ ಕೊಪ್ಪರಿಗೆಯೇ ತಳ ಹತ್ತಿತು. ಬೆಲ್ಲ ಕರ್ರಗೆ, ಬಾಯಿಗಿಟ್ಟರೆ ಕಹಿ. ಮನೆಗೆ ಓಡಿ ಅಪ್ಪನನ್ನು ಕೇಳಿದೆ. ಅವನು ಒದ್ದಾಡಿ ಒದ್ದಾಡಿ ಅಂದದ್ದು ಇಷ್ಟೇ: "ಸುಳಿ... ಸುಳಿ ನೋಡ."

ನಮ್ಮೂರಲ್ಲಿ ಸುಳಿ ಅಂದರೆ ಎತ್ತಿನ ಮೈಮೇಲಿನ ಕೂದಲ ಸುಳಿ, ಕೆಟ್ಟದಿದ್ದರೆ ಕೇಡು. ಗೌಡರಿಗೆ ಹೇಳಿದೆ. ಗಾಣದ ಎತ್ತುಗಳ ಹಣೆ, ಬೆನ್ನು ತಡವಿದ್ದೇ ತಡವಿದ್ದು. ಒಂದರ ಬೆನ್ನ ಮೇಲೆ ಕೆಟ್ಟ ಸುಳಿ ಸಿಕ್ಕಿತು. ಬೇರೆ ಎತ್ತು ಕಟ್ಟಿದೆವು. ಎರಡನೇ ಕೊಪ್ಪರಿಗೆಯೂ ಹತ್ತಿತು.

"ಹೆಂಗಸು ಒಲಿ ಮುಂದ ನಿಂತ್ರ ಹಿಂಗ ಆಗೋದು! ಇನ್ನೊಂದು ಕೆಟ್ಟರ ಹುಟ್ಟು ಹಿಡಿಯಾಕ ಹಾನಗಲ್ಲಿನ ಉಳಿವೆಪ್ಪ ಬರ್ತಾನ, ನೀ ಮನಿಗೆ ಹೋಗು," ಎಂದರು ಗೌಡರು.

ಹೆಂಗಸು ನಿಲ್ಲದ ಒಲೆ ಯಾವುದಪ್ಪಾ ಈ ಊರಲ್ಲಿ! ಮನಸ್ಸಲ್ಲೇ ಬೈದುಕೊಂಡು ಮತ್ತೆ ಮನೆಗೆ ಓಡಿದೆ. ಈ ಕೆಲಸ ಹೋದರೆ ನಮ್ಮಿಬ್ಬರಿಗೂ ಗಂಜಿಯಿಲ್ಲ.

"ಎತ್ತು ಬದಲಿ ಮಾಡಿದ್ವಿ, ಮತ್ತ ಹತ್ತಿತಲ್ಲೋ ಎಪ್ಪಾ!" ಎಂದು ಅಪ್ಪನ ಮುಂದೆ ಕೂಗಾಡಿದೆ. ಅವನು ಅರ್ಧ ಬಾಯಲ್ಲೇ ನಕ್ಕ. "ಎತ್ತಲ್ಲ... ಹುಚ್ಚಿ!" ಎಡಗೈ ಬೆರಳನ್ನು ಗಂಜಿಯ ಬಟ್ಟಲಿನ ತಳಕ್ಕೆ ಊರಿ, ತಿರುವಿ, ಎತ್ತಿದ. ತಳದ ನುಚ್ಚು ಸುಳಿಸುತ್ತಿ ಮೇಲೆ ಬಂತು.

ಅಯ್ಯೋ ನನ್ನ ಬುದ್ಧಿಯೇ! ನಾನು ಹುಟ್ಟನ್ನು ಅಂಚಿನಗುಂಟ ಸುಮ್ಮನೆ ಸುತ್ತಿಸುತ್ತಿದ್ದೆ. ರಸವೂ ಜೊತೆಗೆ ಸುತ್ತುತ್ತಿತ್ತು, ತಳದ್ದು ತಳದಲ್ಲೇ ಕೂತು ಸುಡುತ್ತಿತ್ತು. ಅಪ್ಪ ಹೆಜ್ಜೆಹೆಜ್ಜೆಗೂ ಸುಳಿ ಎಬ್ಬಿಸುತ್ತಿದ್ದ. ಕಾದ ರಸ ಕಾವು ಹೊತ್ತು ಮೇಲೆ ಬರಬೇಕು, ಮೇಲಿನದು ತಳಕ್ಕಿಳಿಯಬೇಕು.

ಮೂರನೇ ಕೊಪ್ಪರಿಗೆಗೆ ಊರಿದೆ, ತಿರುವಿದೆ, ಎತ್ತಿದೆ. ಅಂಗೈಯಲ್ಲಿ ಬೊಕ್ಕೆ ಎದ್ದವು, ಒಡೆದವು. ಪಾಕ ಬರುವ ತನಕ ಹುಟ್ಟು ಬಿಡಲಿಲ್ಲ. ಅಚ್ಚಿನಿಂದ ಬೆಲ್ಲ ಬಂಗಾರದ ಬಣ್ಣದಲ್ಲಿ ಎದ್ದಿತು.

ಗೌಡರು ಚೂರು ಬಾಯಿಗಿಟ್ಟುಕೊಂಡರು. "ಭಲೇ ಭರಮವ್ವ! ಉಳಿವೆಪ್ಪಗ ಆಗಲೇ ಹೇಳಿ ಕಳಿಸೇನಿ, ನಾಳೆ ಬರ್ತಾನ. ಅವಗ ಇದನ್ನ ಕಲಿಸಿ ಹುಟ್ಟು ಕೊಟ್ಟುಬಿಡವಾ."

ಮೈಯೆಲ್ಲ ಉರಿಯಿತು. "ಬರ್ಲಿ ಬಿಡ್ರಿ. ಒಲಿಗೆ ಕಬ್ಬಿನ ಸಿಪ್ಪಿ ಹಾಕಾಕ ಒಬ್ಬಾಂವ ಬೇಕಾಗಿತ್ತು. ಹುಟ್ಟು ಮಾತ್ರ ಕೊಡಂಗಿಲ್ರಿ."

ಗೌಡರು ನನ್ನ ಮುಖ ನೋಡಿದರು, ಬೆಲ್ಲ ನೋಡಿದರು, ಇನ್ನೊಂದು ಚೂರು ಮುರಿದುಕೊಂಡರು.

ಆ ಸುಗ್ಗಿ ಮುಗಿಯುವವರೆಗೂ ಉಳಿವೆಪ್ಪ ಒಲೆಗೆ ಸಿಪ್ಪೆ ತುಂಬಿದ.