ಗಂಜಿ ಹಚ್ಚಿದ ನೂಲು

ಮೊದಲು ಕಂಡದ್ದು ಇರುವೆ. ಮುಂಡರಗಿಯ ಶಾಲೆಯ ಅಂಗಳದಲ್ಲಿ ರಾತ್ರಿಯೆಲ್ಲ ನಿಂತಿದ್ದ ಗಾಡಿಯ ಕೆಳಗೆ ಊಟದ ತಾಟಿನಷ್ಟಗಲ ಕಪ್ಪು ಕಲೆ, ಅದರ ಅಂಚಿಗೆ ಚಳಿಗೆ ಜಡವಾದ ಇರುವೆಗಳ ಸಾಲು. ಡ್ರೈವರ್ ವಿಠೋಬಾ ಕುಕ್ಕರುಗಾಲಲ್ಲಿ ಕೂತು ಬಲಗೈ ಬೆರಳಿನಿಂದ ಕಲೆ ಮುಟ್ಟಿ ಮೂಗಿಗೆ ಹಿಡಿದ. ಶೇಂಗಾ ಎಣ್ಣೆ. ನಿನ್ನೆ ಸಂಜೆ ತಾನೇ ಸುರಿದದ್ದು.

ಬಾನೆಟ್ ಎತ್ತಿದ. ಅದರ ಒಳಮೈಯೂ ಬೆವೆತಿತ್ತು. ಇಬ್ಬನಿಯ ಹನಿಗಳು ತಗಡಿನಿಂದ ಜಾರಿ ರಬ್ಬರ್ ಪೈಪಿನ ಮೇಲೆ ಬಿದ್ದಿದ್ದವು. ಹೆಂಡತಿ ರತ್ನವ್ವ ಸುತ್ತಿದ ಕೆಂಪು ನೂಲು ನೆನೆದ ರೊಟ್ಟಿಯಂತೆ ಮೆತ್ತಗಾಗಿ ಎರಡು ಎಳೆ ಜೋತುಬಿದ್ದಿದ್ದವು.

ಅದು ಬೆಟಗೇರಿಯ ಕಣ್ಣಿನ ದವಾಖಾನೆಗೆ ಪರದೇಶದವರು ದಾನ ಕೊಟ್ಟ ಗಾಡಿ. ಸ್ಟೇರಿಂಗ್ ತಿರುಗಿಸಲು ಅದರಲ್ಲಿ ಮೈಬಲ ಬೇಕಿರಲಿಲ್ಲ. ಪಂಪು ಎಣ್ಣೆಯನ್ನು ಒತ್ತುತ್ತಿತ್ತು, ಎಣ್ಣೆ ಗಾಲಿಗಳನ್ನು ಹೊರಳಿಸುತ್ತಿತ್ತು, ಡ್ರೈವರ್ ದಿಕ್ಕು ತೋರಿಸಿದರೆ ಸಾಕು. ಅದು ಬಂದ ಹೊಸದರಲ್ಲಿ ಗದಗಿನ ಲಾರಿ ಡ್ರೈವರುಗಳು ಗುಂಪುಗೂಡಿ ಬಂದು ಒಂದೇ ಬೆರಳಿನಲ್ಲಿ ತಿರುಗಿಸಿ ನೋಡಿ ಬಾಯಿ ಮೇಲೆ ಕೈಯಿಟ್ಟುಕೊಂಡಿದ್ದರು.

ವಿಠೋಬಾನಿಗೆ ಆ ಗಾಡಿಯೇ ಎಡಗೈ. ಮೂರು ವರ್ಷದ ಹಿಂದೆ ಲಕ್ಷ್ಮೇಶ್ವರದ ಪೇಟೆಯಲ್ಲಿ ಲಾರಿಯ ಮೇಲಿಂದ ಜೋಳದ ಚೀಲ ಜಾರಿ ಅವನ ಎಡ ಹೆಗಲಿನ ಮೇಲೆ ಬಿದ್ದಿತ್ತು. ಎಲುಬು ಕೂಡಿತು, ಕಸುವು ಮರಳಲಿಲ್ಲ. ನೋಡುವವರಿಗೆ ಕೈ ನೆಟ್ಟಗೇ ಇತ್ತು. ಗೇರಿನ ಹಿಡಿಕೆಯ ಮೇಲೆ ಇಟ್ಟರೆ ಅಲ್ಲಿ ಇರುತ್ತಿತ್ತು, ತಳ್ಳಿದರೆ ತಳ್ಳುತ್ತಿತ್ತು. ಹಿಡಿದು ಎಳೆ ಅಂದರೆ ಮಾತ್ರ ಬೇರೆ ಯಾರದೋ ಕೈ. ಇದು ಗೊತ್ತಿದ್ದವಳು ರತ್ನವ್ವ ಒಬ್ಬಳೇ. ದವಾಖಾನೆಯವರು ಅವನು ಬಲಗೈ ಒಂದರಲ್ಲೇ ಗಾಡಿ ತಿರುಗಿಸುವುದನ್ನು ಶೋಕಿ ಅಂದುಕೊಂಡಿದ್ದರು. "ಸಿನಿಮಾದಾಂವ ಬಂದ ನೋಡ್ರಿ" ಎಂದು ಕಂಪೌಂಡರ್ ದತ್ತಾತ್ರಿ ಛೇಡಿಸಿದಾಗೆಲ್ಲ ವಿಠೋಬಾ ನಗುತ್ತಿದ್ದ. ಆ ನಗೆಯ ಮೇಲೆ ಅವನ ಮನೆ ನಿಂತಿತ್ತು.

ದೀಪಾವಳಿಯ ಚಳಿ ಶುರುವಾದಾಗ ಆ ಎಣ್ಣೆಯ ರಬ್ಬರ್ ಪೈಪು ಬಿರುಕುಬಿಟ್ಟು ಜಿನುಗತೊಡಗಿತು. ಗಾಡಿಯ ಜೊತೆ ಬಂದಿದ್ದ ಎಣ್ಣೆಯ ಡಬ್ಬಿಗಳು ತಿಂಗಳೊಪ್ಪತ್ತಿನಲ್ಲಿ ಬರಿದಾದವು. ಹುಬ್ಬಳ್ಳಿಗೆ ಹೋದಾಗ ಯಾರದೋ ಗಾಡಿಯ ಮಾತೆಂಬಂತೆ ಒಬ್ಬ ಮಿಸ್ತ್ರಿಯನ್ನು ಕೇಳಿದ. ಪೈಪು ಪರದೇಶದಿಂದಲೇ ಬರಬೇಕು, ಆರು ತಿಂಗಳಾದರೂ ಆಗಬಹುದು, ಅಲ್ಲಿಯ ತನಕ ಪಂಪಿನ ಪಟ್ಟಾ ಬಿಚ್ಚಿ ಕೈಬಲದಿಂದ ಹೊಡೆಯಬೇಕು ಎಂದ ಮಿಸ್ತ್ರಿ. ಎರಡು ಗಟ್ಟಿ ರಟ್ಟೆ ಇದ್ದವನಿಗೆ ಅದೇನು ದೊಡ್ಡದಲ್ಲ ಎಂದೂ ಅಂದ. ದವಾಖಾನೆಯ ಜೀಪು ಹೊಡೆಯುವ ನೀಲಪ್ಪನಿಗೆ ಅಂಥ ಎರಡು ರಟ್ಟೆ ಇದ್ದವು. ವಿಠೋಬಾ ಯಾರಿಗೂ ಹೇಳಲಿಲ್ಲ. ಅಡಿಗೆಮನೆಯ ಶೇಂಗಾ ಎಣ್ಣೆ ಸುರಿಯತೊಡಗಿದ.

ರತ್ನವ್ವ ಮಗ್ಗದ ಮನೆಯವಳು. ಹಾಸಿನ ನೂಲಿಗೆ ಗಂಜಿ ಕಾಸಿ, ಹಚ್ಚಿ, ಒಣಗಿಸಿ ಬೆಳೆದವಳು. ಎರಡು ದಿನಕ್ಕೊಮ್ಮೆ ಬುತ್ತಿ ಕೊಡುವ ನೆವದಲ್ಲಿ ದವಾಖಾನೆಯ ಶೆಡ್ಡಿಗೆ ಬಂದು, ಪೈಪನ್ನು ಸೆರಗಿನಿಂದ ಒರೆಸಿ, ಗಂಜಿಯಲ್ಲಿ ಅದ್ದಿದ ನೂಲನ್ನು ಎಳೆಗೆ ಎಳೆ ತಾಗಿಸಿ ಸುತ್ತಿ ಬಿಗಿಯುತ್ತಿದ್ದಳು. ಒಣಗಿದ ಮೇಲೆ ಅದು ಕೊಂಬಿನಂತೆ ಗಡುಸಾಗುತ್ತಿತ್ತು.

"ಎಣ್ಣಿಗೆ ಗಂಜಿ ಕರಗೂದಿಲ್ಲ. ನೀರ ಒಂದ ತಾಗಸಬ್ಯಾಡ" ಎಂದಿದ್ದಳು.

ಮಳೆಗಾಲ ಮುಗಿದಿತ್ತು. ನೀರು ಎಂದರೆ ಮಳೆ ಎಂದುಕೊಂಡು ಇಬ್ಬರೂ ಧೈರ್ಯವಾಗಿದ್ದರು. ಶೆಡ್ಡು ಬಿಟ್ಟು ಬಯಲಲ್ಲಿ ಗಾಡಿ ನಿಲ್ಲುವ ರಾತ್ರಿಯ ವಿಚಾರ ಇಬ್ಬರಿಗೂ ಹೊಳೆದಿರಲಿಲ್ಲ.

ಶಾಲೆಯೊಳಗಿಂದ ದತ್ತಾತ್ರಿ ಮಫ್ಲರ್ ಸುತ್ತಿಕೊಳ್ಳುತ್ತ ಬಂದ. ಅವನ ಹಿಂದೆ ನಿನ್ನೆಯ ಶಿಬಿರದಲ್ಲಿ ಆರಿಸಿದ ಒಂಬತ್ತು ಜನ, ಪೊರೆ ಬಂದ ಕಣ್ಣಿನವರು, ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟು. ಇವತ್ತೇ ಬೆಟಗೇರಿಯಲ್ಲಿ ಅವರ ಆಪರೇಷನ್. ವಿಠೋಬಾ ಕಡೆಯ ಬಾಟಲಿಯ ಎಣ್ಣೆ ಸುರಿದು, ಪೈಪಿಗೆ ತನ್ನ ಟವೆಲ್ಲನ್ನು ಒಂದೇ ಕೈಯಿಂದ ಸುತ್ತಿ, ಹಲ್ಲಿನಿಂದ ಗಂಟು ಬಿಗಿದು ಬಾನೆಟ್ ಮುಚ್ಚಿದ. ಚಳಿಗೆ ಎಣ್ಣೆ ಮಂದವಾಗಿತ್ತು. ಗಾಡಿ ತಿರುಗುವಾಗ ಪಂಪು ಈಯುವ ಎಮ್ಮೆಯಂತೆ ನರಳಿತು.

ಡಂಬಳ ದಾಟಿದ ಮೇಲೆ ವಾಸನೆ ಎದ್ದಿತು. ಹಿಂದಿನ ಸೀಟಿನಿಂದ ಶಿರಹಟ್ಟಿಯ ಜನ್ನತಬಿ ಮೂಗೆತ್ತಿದಳು. ಮುಂಡರಗಿಗೆ ಮಗಳ ಮನೆಗೆ ಬಂದು, ಅಲ್ಲಿಂದ ಶಿಬಿರಕ್ಕೆ ಬಂದಿದ್ದ ಮುದುಕಿ.

"ಯಾರಪ್ಪಾ ಮಿರ್ಚಿ ಕರಿಯಾಕತ್ತಾರು? ನಮಗೂ ಎರಡು ಕೊಡ್ರಿ" ಎಂದಳು.

ಎಲ್ಲರೂ ನಕ್ಕರು. ದತ್ತಾತ್ರಿಯೂ ನಕ್ಕು, ಕಣ್ಣು ಹೋದ ಮೇಲೆ ಮೂಗು ಚುರುಕಾಗತದ ಎಂದ. ಆಮೇಲೆ ತಾನೂ ಮೂಸಿ ಬಾನೆಟ್ಟಿನ ಕಡೆ ನೋಡಿದ.

ಹಳ್ಳದ ತಿರುವಿನಲ್ಲಿ ಸ್ಟೇರಿಂಗ್ ಚಕ್ರ ಕಲ್ಲಾಯಿತು. ಬಲಗೈಯಿಂದ ಎಳೆದ, ಮೈಯೆಲ್ಲ ಹಾಕಿ ಎಳೆದ. ಎಡಗೈ ಚಕ್ರದ ಮೇಲೇರಿತು, ಹಿಡಿಯಲಿಲ್ಲ, ಜಾರಿತು. ರಸ್ತೆ ಎಡಕ್ಕೆ ಹೋಯಿತು, ಗಾಡಿ ನೆಟ್ಟಗೆ ಹೋಯಿತು. ಬ್ರೇಕು ಒತ್ತಿಯೇ ಇದ್ದ. ದಂಡೆಯ ಗುಂಡುಕಲ್ಲಿಗೆ ಬಂಪರ್ ತಾಗಿ ಗಾಡಿ ನಿಂತಾಗ ಕಲ್ಲಿನಾಚೆ ಹಳ್ಳದ ಮರಳು ಕೆಳಗೆ ಕಾಣುತ್ತಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಏನಾಯಿತೆಂದು ಕಾಣದ ಒಂಬತ್ತು ಜನ, ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಕೂತಿದ್ದರು.

ಬಾನೆಟ್ಟಿನ ಕೆಳಗೆ ಟವೆಲ್ಲು ಎಣ್ಣೆ ಕುಡಿದು ಜೋತುಬಿದ್ದಿತ್ತು. ದತ್ತಾತ್ರಿ ಪಕ್ಕಕ್ಕೆ ಬಂದು ನಿಂತು ಕೆಂಪು ನೂಲು ನೋಡಿದ, ಎಣ್ಣೆ ಮೂಸಿದ. ವಿಠೋಬಾ ಹಿಂದಿನ ಬಾಗಿಲಿಗೆ ಹೋದ. ದವಾಖಾನೆಯಲ್ಲಿ ಅಡಿಗೆ ಮಾಡಿಕೊಳ್ಳಲು ಅವರೆಲ್ಲ ಹಿಟ್ಟು, ಬೇಳೆ, ಎಣ್ಣೆ ಕಟ್ಟಿಕೊಂಡು ಬಂದಿದ್ದರು.

"ಅವ್ವಾ, ನಿನ್ನ ಎಣ್ಣಿ ಬಾಟ್ಲಿ ಬೇಕಾಗಿತ್ತು."

"ಗಾಡೀನೂ ಒಗ್ಗರಣಿ ಹಾಕೊಂತೈತೇನೋ ತಮ್ಮಾ" ಎನ್ನುತ್ತ ಜನ್ನತಬಿ ಗಂಟು ತಡವಿ ಬಾಟಲಿ ಕೊಟ್ಟಳು. ಈ ಸಲ ಯಾರೂ ನಗಲಿಲ್ಲ.

ದತ್ತಾತ್ರಿ ತನ್ನ ಪೆಟ್ಟಿಗೆಯಿಂದ ಬ್ಯಾಂಡೇಜಿನ ಸುರುಳಿ ತೆಗೆದ. ಒಂದು ತುದಿಯನ್ನು ವಿಠೋಬಾನ ಎಡಗೈಗೆ ಕೊಟ್ಟು ಬಿಗಿಯಾಗಿ ಹಿಡಿ ಎಂದ. ಎಳೆದದ್ದೇ ತುದಿ ಬೆರಳುಗಳಿಂದ ಜಾರಿತು. ಮತ್ತೆ ಕೊಟ್ಟ. ಮತ್ತೆ ಜಾರಿತು.

"ಹಿಡೀಲಿಕ್ಕೆ ಏನಾಗೇದ ನಿನಗ?"

"ಆಗೂದಿಲ್ರಿ."

"ಯಾವಾಗಿಂದ?"

"ಮೂರ ವರ್ಷ ಆತ್ರಿ."

ದತ್ತಾತ್ರಿ ಗಾಡಿಯೊಳಗೆ ಕೂತವರ ಕಡೆ ನೋಡಿದ. ಆಮೇಲೆ ತುದಿಯನ್ನು ತನ್ನ ಹಲ್ಲಿಗೆ ಕಚ್ಚಿಕೊಂಡು, ಕಣ್ಣಿಗೆ ಪಟ್ಟಿ ಕಟ್ಟುವಷ್ಟು ನಾಜೂಕಾಗಿ ಪೈಪಿಗೆ ಸುತ್ತಿದ. ಹೊರಟಾಗ ಕಿಟಕಿಯ ಕಡೆಯ ತನ್ನ ಜಾಗ ಬಿಟ್ಟು ವಿಠೋಬಾನ ಮಗ್ಗುಲಿಗೆ ಸರಿದು ಕೂತ.

"ಗೇಟಿನ ತನಕ ನಾ ಕೈ ಹಚ್ಚತೀನಿ. ಮುಂದಿಂದು ನೀ ನೋಡ್ಕೋ" ಎಂದ.

ಪ್ರತಿ ತಿರುವಿಗೂ ದತ್ತಾತ್ರಿಯ ಗಂಧ ಹಚ್ಚಿದ ಕೈ ಬಂದು ಚಕ್ರ ಹಿಡಿಯಿತು. ಗದಗಿನ ಪೇಟೆ ದಾಟಿ ಬೆಟಗೇರಿಯ ಓಣಿಗೆ ಬರುವ ಹೊತ್ತಿಗೆ ಎಣ್ಣೆ ಮತ್ತೆ ತೀರಿತ್ತು, ಎಳೆ ಬಿಸಿಲಲ್ಲೂ ವಿಠೋಬಾನ ಅಂಗಿ ಬೆನ್ನಿಗಂಟಿತ್ತು. ದವಾಖಾನೆಯ ಗೇಟು ಕಂಡಿತು. ಓಣಿ ಇಕ್ಕಟ್ಟು, ಗಾಡಿ ಅಲ್ಲಿ ಒಂದೇ ಏಟಿಗೆ ಪೂರ್ತಿ ಹೊರಳಬೇಕು. ಪಡಸಾಲೆಯಲ್ಲಿ ಡಾಕ್ಟರು ಕೈಗಡಿಯಾರ ನೋಡುತ್ತ ನಿಂತಿದ್ದರು. ಅಂಗಳದಲ್ಲಿ ನೀಲಪ್ಪ ಜೀಪು ತೊಳೆಯುತ್ತಿದ್ದ. ದತ್ತಾತ್ರಿ ಕೈ ಹಿಂದೆ ತೆಗೆದು ತೊಡೆಯ ಮೇಲಿಟ್ಟುಕೊಂಡ.

ವಿಠೋಬಾ ಚಕ್ರವನ್ನು ಒಮ್ಮೆ ಎಳೆದು ನೋಡಿದ. ನಾಲ್ಕು ಬೆರಳಷ್ಟು ಬಂತು. ಇನ್ನೂ ಎಳೆಯಬಹುದಿತ್ತು. ಗೇಟಿನ ಕಂಬಕ್ಕೆ ಒಂದು ಮಗ್ಗುಲು ತರಚಿಕೊಂಡಾದರೂ ಒಳಗೆ ನುಗ್ಗಿಸಬಹುದಿತ್ತು. ಹಿಂದೆ ಯಾರೋ ಸಣ್ಣಗೆ ಕೆಮ್ಮಿದರು. ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿದ.

"ನೀಲಪ್ಪಾ" ಎಂದು ಕರೆದ. ಮತ್ತೊಮ್ಮೆ ಕರೆದ. "ಬಾರಪಾ, ಗಾಡಿ ಒಳಗ ತಗೊಂಡ ಹೋಗು. ನನ್ನ ಕಡಿಂದ ಆಗೂದಿಲ್ಲ."

ಡಾಕ್ಟರು ಮೆಟ್ಟಿಲಿಳಿದು ಗೇಟಿನ ಕಡೆಗೆ ಬರತೊಡಗಿದರು. ನೀಲಪ್ಪ ಕೈ ಒರೆಸಿಕೊಳ್ಳುತ್ತ ಬಂದು, ಕೀಲಿ ಇಸಿದುಕೊಂಡು, ಎರಡೂ ಕೈಯಿಂದ ಚಕ್ರ ಹಿಡಿದು ನೋಡಿ ಹುಬ್ಬು ಗಂಟಿಕ್ಕಿದ. ವಿಠೋಬಾ ಹಿಂದಿನ ಬಾಗಿಲು ತೆಗೆದು ಒಬ್ಬೊಬ್ಬರನ್ನೇ ಇಳಿಸಿದ. ಎಲ್ಲರಿಗಿಂತ ಕಡೆಗೆ ಇಳಿದ ಜನ್ನತಬಿ ಗಾಳಿಯಲ್ಲಿ ತಡಕಾಡಿ, ಸಿಕ್ಕ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅದು ಎಡಗೈ.

"ಎಷ್ಟ ತಣ್ಣಗ ಐತೋ ತಮ್ಮಾ ಈ ಕೈ" ಎಂದಳು.

ಅವನು ಬಿಡಿಸಿಕೊಳ್ಳಲಿಲ್ಲ. ಹಿಂದೆ ಗಾಡಿ ನರಳುತ್ತ ಗೇಟಿನೊಳಗೆ ಹೊರಳಿತು. ಎದುರಿಗೆ ಬಂದ ಡಾಕ್ಟರು ಏನೋ ಕೇಳಲು ಬಾಯಿ ತೆರೆದಾಗ ವಿಠೋಬಾ ನೆಲ ನೋಡುತ್ತಿದ್ದ.

"ಮೆಟ್ಟಲ ಬಂತವಾ. ಮೂರ ಅದಾವು. ಸಾವಕಾಶ ಏರು" ಎಂದ.