ನಿಲ್ಲಿಸಲಾಗದ ಯಂತ್ರ

ಆಸ್ಪತ್ರೆಯ ನೆಲಮಾಳಿಗೆಯಲ್ಲಿದ್ದ ಕಂಪ್ಯೂಟರ್ ಕೋಣೆಗೆ ಇಬ್ಬರೇ ಒಡೆಯರು. ಒಬ್ಬರು ದೊಡ್ಡಪ್ಪ. ಅವರು ಸಂಬಂಧದಲ್ಲಿ ಯಾರಿಗೂ ದೊಡ್ಡಪ್ಪನಲ್ಲ. ಆದರೆ ಮೂವತ್ತೊಂದು ವರ್ಷ ಒಂದೇ ಕುರ್ಚಿ ಸವೆಸಿದ ಮನುಷ್ಯನನ್ನು ಇನ್ನೇನೆಂದು ಕರೆಯುವುದು? ಇನ್ನೊಬ್ಬಳು ಅವರ ಕೈಕೆಳಗಿನ ಎಂಜಿನಿಯರ್. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡಿದ್ದ ಅವಳಿಗೆ ಇಡೀ ಆಸ್ಪತ್ರೆ ಸೇರಿ ಮೆಣಸಿನಕಾಯಿ ಎಂದು ಹೆಸರಿಟ್ಟಿತ್ತು. ಆ ಹೆಸರು ಅವಳಿಗೂ ಗೊತ್ತಿತ್ತು, ಬೇಜಾರೇನೂ ಇರಲಿಲ್ಲ.

ಯಾವ ಹಾಸಿಗೆಯ ರೋಗಿಗೆ ಯಾವ ಔಷಧಿ, ಎಷ್ಟು, ಎಷ್ಟು ಹೊತ್ತಿಗೆ ಎಂಬುದೆಲ್ಲ ಆ ಕೋಣೆಯ ಒಂದು ಯಂತ್ರದ ಹೊಟ್ಟೆಯಲ್ಲಿತ್ತು. ಪಕ್ಕದ ಗೋಡೆಯ ಮೇಲೊಂದು ಸ್ಲೇಟು. ಯಂತ್ರ ಒಮ್ಮೆಯೂ ನಿಲ್ಲದೆ ಎಷ್ಟು ದಿನ ಓಡಿತು ಎಂದು ದೊಡ್ಡಪ್ಪ ದಿನಾ ಬೆಳಿಗ್ಗೆ ಹಳೆಯ ಅಂಕಿ ಅಳಿಸಿ ಹೊಸದು ಬರೆಯುತ್ತಿದ್ದರು. ಆ ಮಂಗಳವಾರ ಅದು ಸಾವಿರದ ಐನೂರ ಎರಡು. ನೋಡಲು ಬಂದವರಿಗೆಲ್ಲ ಆ ಸ್ಲೇಟು ತೋರಿಸುವುದು ಆಸ್ಪತ್ರೆಗೊಂದು ಹೆಮ್ಮೆ. ದೀಪ ಒಂದು ಸಲ ಮಿನುಗಿದರೆ ಸಾಕು, ದೊಡ್ಡಪ್ಪ ಊಟ ಬಿಟ್ಟು ಎಂಜಲು ಕೈಯಲ್ಲೇ ಓಡಿ ಬರುತ್ತಿದ್ದರು. ಮೊಮ್ಮಗಳು ಮೆಟ್ಟಿಲಿಂದ ಬಿದ್ದರೂ ಮುದುಕ ಇಷ್ಟು ಓಡಲಿಕ್ಕಿಲ್ಲ ಎಂದು ಕ್ಯಾಂಟೀನಿನಲ್ಲಿ ಎಲ್ಲರೂ ನಗುತ್ತಿದ್ದರು.

ಯಂತ್ರದ ಪೂರ್ಣಾಧಿಕಾರದ ಪಾಸ್‌ವರ್ಡ್ ಇದ್ದದ್ದು ದೊಡ್ಡಪ್ಪ ಒಬ್ಬರ ಬಳಿ. ಆಪತ್ತಿಗಿರಲೆಂದು ಅದನ್ನು ಬರೆದು, ಲಕೋಟೆಗೆ ಹಾಕಿ, ಅಂಟಿನ ಮೇಲೆ ಸಹಿ ಮಾಡಿ ಅಧೀಕ್ಷಕಿಯ ಕಬ್ಬಿಣದ ಬೀರುವಿನಲ್ಲಿ ಇಡುವುದು ಆಸ್ಪತ್ರೆಯ ಕ್ರಮ. ವರ್ಷಕ್ಕೊಮ್ಮೆ ಹಳೆಯ ಲಕೋಟೆ ಹರಿದು ಹೊಸದು ಇಡಬೇಕು. ಎರಡು ವರ್ಷದಿಂದ ಮೆಣಸಿನಕಾಯಿ ಆ ಪಾಸ್‌ವರ್ಡ್ ಕೇಳುತ್ತಲೇ ಇದ್ದಳು. "ಕಾಲ ಬರ್ಲಿ, ಕೊಡ್ತೀನಿ" ಎಂಬುದೇ ಉತ್ತರ. ನಿವೃತ್ತಿಗೆ ಹನ್ನೊಂದೇ ದಿನ ಉಳಿದಿದ್ದರೂ ಆ ಕಾಲ ಬಂದಿರಲಿಲ್ಲ. ನಿಧಿ ಕಾಯುವ ಸರ್ಪದ ಹಾಗೆ ಕೂತಿದ್ದಾರೆ ಎಂದು ಅವಳು ಒಳಗೊಳಗೇ ಕುದಿಯುತ್ತಿದ್ದಳು.

ಆ ಬೆಳಿಗ್ಗೆ ಭದ್ರತಾ ತಜ್ಞರಿಂದ ಒಂದು ಎಚ್ಚರಿಕೆ ಬಂತು. ಯಂತ್ರವನ್ನು ನಡೆಸುವ ಆಪರೇಟಿಂಗ್ ಸಿಸ್ಟಂನಲ್ಲೇ ಒಂದು ದೋಷ ಸಿಕ್ಕಿದೆ. ಬರೀ ನೋಡುವ ಹಕ್ಕಿರುವ ಸಾಮಾನ್ಯ ಬಳಕೆದಾರನೂ ಒಂದು ಸಣ್ಣ ಪ್ರೋಗ್ರಾಂ ಓಡಿಸಿ ಪೂರ್ಣಾಧಿಕಾರಿಯಾಗಿಬಿಡಬಹುದು. ಬಾಡಿಗೆಗೆ ಬಂದವನು ಬೆಳಗಾಗುವುದರೊಳಗೆ ಮನೆ ಪತ್ರವನ್ನೇ ತನ್ನ ಹೆಸರಿಗೆ ಮಾಡಿಕೊಂಡಂತೆ. ಆಸ್ಪತ್ರೆಯಲ್ಲಿ ನಾನೂರು ಜನಕ್ಕೆ ಲಾಗಿನ್ ಇತ್ತು. ಅದರಲ್ಲಿ ಅರ್ಧ ಜನ ತಮ್ಮ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಪರದೆಗೇ ಅಂಟಿಸಿದ್ದರು. ಅವರಲ್ಲಿ ಒಬ್ಬನ ಹೆಸರಲ್ಲಿ ಯಾರೋ ನುಗ್ಗಿ ಒಂದು ಔಷಧಿಯ ಅಳತೆ ಬದಲಿಸಿದರೂ ಜೀವ ಹೋಗಬಹುದು. ದೋಷಕ್ಕೆ ಮದ್ದೂ ಜೊತೆಗೇ ಬಂದಿತ್ತು, ಆದರೆ ಅದನ್ನು ಹಾಕಿ ಯಂತ್ರವನ್ನು ಒಮ್ಮೆ ನಿಲ್ಲಿಸಿ ಎಬ್ಬಿಸಬೇಕು.

"ಹತ್ತೇ ನಿಮಿಷದ ಕೆಲ್ಸ, ದೊಡ್ಡಪ್ಪ. ಇವತ್ತೇ ಮಾಡೋಣ."

"ಬೇಡ."

"ಯಾಕೆ ಬೇಡ?"

"ನಾನು ಹೋದ್ಮೇಲೆ ಏನಾದ್ರೂ ಮಾಡ್ಕೋ. ಈಗ ಬೇಡ ಅಂದ್ರೆ ಬೇಡ."

"ಗೋಡೆ ಮೇಲಿನ ಅಂಕಿ ಕಾಪಾಡೋಕೆ ರೋಗಿಗಳ ಜೀವದ ಜೊತೆ ಆಟ ಆಡ್ತೀರಾ? ನಾಚಿಕೆ ಆಗಲ್ವಾ ನಿಮ್ಗೆ?"

ಅವಳು ದಡದಡನೆ ಮೆಟ್ಟಿಲು ಹತ್ತಿ ಅಧೀಕ್ಷಕಿಯ ಮುಂದೆ ನಿಂತು, ಎರಡು ವರ್ಷದ್ದೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಅಧೀಕ್ಷಕಿ ಹೆಚ್ಚು ಮಾತಿನವರಲ್ಲ. "ಮೂರು ಗಂಟೆಗೆ ಇಬ್ರೂ ಬನ್ನಿ. ಲಕೋಟೆ ಒಡೆಯೋಣ" ಎಂದರು.

ಅವಳು ಗೆದ್ದವಳಂತೆ ಕೆಳಗಿಳಿದು ಸುದ್ದಿ ಮುಟ್ಟಿಸಿದಳು. ಜಗಳಕ್ಕೆ ಸೊಂಟ ಕಟ್ಟಿಯೇ ಬಂದಿದ್ದಳು. ದೊಡ್ಡಪ್ಪ ಜಗಳಕ್ಕೆ ಬರಲಿಲ್ಲ. ಎದ್ದು ಹೋಗಿ ಬಾಗಿಲು ಹಾಕಿ ಬಂದರು.

"ಅದ್ರೊಳಗಿರೋದು ಸರಿಯಾದ್ದಲ್ಲ" ಎಂದರು.

"ಏನು?"

"ಲಕೋಟೆ. ಅದ್ರಲ್ಲಿರೋದು ಹಳೇ ಪಾಸ್‌ವರ್ಡು. ಹೊಸದು ನಂಗೇ ಗೊತ್ತಿಲ್ಲಮ್ಮ. ಮರ್ತುಹೋಗಿದೆ."

ನಾಲ್ಕು ವರ್ಷದ ಹಿಂದೆ, ಹೆಂಡತಿಯ ಆಪರೇಷನ್ ಇದ್ದ ದಿನ, ನಿಯಮದಂತೆ ಪಾಸ್‌ವರ್ಡ್ ಬದಲಿಸಿ, ನಾಳೆ ಬರೆದಿಟ್ಟರಾಯಿತೆಂದು ಓಡಿದ್ದರು. ಆ ನಾಳೆ ಬರಲಿಲ್ಲ. ತಿಂಗಳ ನಂತರ ಹೆಂಡತಿಯನ್ನು ಮಣ್ಣು ಮಾಡಿ ಕೆಲಸಕ್ಕೆ ಮರಳಿದಾಗ ಅದು ತಲೆಯಿಂದ ಒರೆಸಿ ಹಾಕಿದಂತೆ ಹೋಗಿತ್ತು. ಯಂತ್ರದ ಡಿಸ್ಕಿಗೂ ಅದೇ ಪಾಸ್‌ವರ್ಡಿನ ಬೀಗ. ಒಮ್ಮೆ ನಿಲ್ಲಿಸಿದರೆ ಏಳುವಾಗ ಅದನ್ನೇ ಕೇಳುತ್ತದೆ, ಹೇಳದಿದ್ದರೆ ಏಳುವುದಿಲ್ಲ. ಔಷಧಿಯ ಲೆಕ್ಕ, ಅದರ ನಕಲು ಎರಡೂ ಆ ಬೀಗದ ಒಳಗೇ ಇದ್ದವು. ಇವತ್ತು ನೆನಪಾದೀತು, ನಾಳೆ ನೆನಪಾದೀತು ಎಂದು ತಿಂಗಳು ಕಳೆದವು. ಆಮೇಲೆ ಹೇಳುವ ಧೈರ್ಯವೇ ಹೋಯಿತು. ಸ್ಲೇಟು ಗೋಡೆಗೆ ಬಂದದ್ದು ಆಗ. ನಿಲ್ಲಿಸಲಾಗದ್ದನ್ನು ನಿಲ್ಲಿಸಬಾರದ್ದೆಂದು ಹೇಳಿಕೊಂಡರೆ ಯಾರೂ ಪ್ರಶ್ನೆ ಕೇಳುವುದಿಲ್ಲವಲ್ಲ.

ಅವಳಿಗೆ ಬಯ್ಯಬೇಕೆನಿಸಿತು, ಅದಕ್ಕೆ ಸಮಯವಿರಲಿಲ್ಲ. ಗಡಿಯಾರ ನೋಡಿದಳು. ಒಂದು ಗಂಟೆಯಾಗಿತ್ತು. ಆಗ ಹೊಳೆಯಿತು.

"ದೊಡ್ಡಪ್ಪ, ನನ್ನದು ಸಾಮಾನ್ಯ ಲಾಗಿನ್ನು. ಈ ದೋಷ ಇರೋದೇ ನನ್ನಂಥೋರಿಗೆ. ಇದ್ರಿಂದಾನೇ ಒಳಗೆ ಹೋಗ್ಬಹುದು."

"ಕಳ್ಳರ ದಾರಿ ಅಲ್ವೇನಮ್ಮ ಅದು?"

"ಮನೆಯವ್ರೇ ಬೀಗದಕೈ ಕಳ್ಕೊಂಡ್ರೆ ಇನ್ನೇನ್ ಮಾಡೋದು?"

ಆದರೆ ಅಪಾಯವಿತ್ತು. ದೋಷ ಪರೀಕ್ಷಿಸಲೆಂದು ತಜ್ಞರು ಕೊಟ್ಟ ಪ್ರೋಗ್ರಾಂ ಕೆಲವೊಮ್ಮೆ ಯಂತ್ರವನ್ನೇ ಕೆಡವುತ್ತದೆ ಎಂದು ಅದರಲ್ಲೇ ಬರೆದಿತ್ತು. ಬಿದ್ದರೆ ಮತ್ತೆ ಏಳುವ ಮಾತಿಲ್ಲ. ಅವಳು ಔಷಧಿ ವಿಭಾಗದ ಅಕ್ಕನಿಗೆ ಫೋನು ಮಾಡಿ ಎಲ್ಲ ಹಾಸಿಗೆಗಳ ಪಟ್ಟಿಯನ್ನೂ ಈಗಿಂದೀಗಲೇ ಕಾಗದಕ್ಕೆ ಇಳಿಸಲು ಹೇಳಿದಳು. ಕಾರಣ ಕೇಳಿದಾಗ ಮುಚ್ಚಿಡದೆ, "ಯಂತ್ರ ಬಿದ್ದೇ ಹೋಗ್ಬಹುದು ಅಕ್ಕಾ" ಎಂದಳು. "ನಿಮ್ಮ ಸ್ಲೇಟಿಗೆ ಬೆಂಕಿ ಹಾಕ" ಎಂದು ಬಯ್ಯುತ್ತಲೇ ಅಕ್ಕ ಆರುನೂರು ಹಾಳೆ ಮುದ್ರಿಸಿ ವಾರ್ಡುಗಳಿಗೆ ಹಂಚಿಸಿದಳು. ಅಷ್ಟರಲ್ಲಿ ಎರಡು ಗಂಟೆ ದಾಟಿತು.

ಅವಳು ತನ್ನ ಹೆಸರಲ್ಲೇ ಒಳಹೋಗಿ ಪ್ರೋಗ್ರಾಂ ಓಡಿಸಿದಳು. ಪರದೆ ಸ್ತಬ್ಧವಾಯಿತು. ದೊಡ್ಡಪ್ಪ ಮೇಜಿನ ಅಂಚು ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿದ್ದರು. ಅವಳಿಗೆ ಒಂದೊಂದು ಕ್ಷಣವೂ ಒಂದು ಯುಗವಾಯಿತು. ಕೊನೆಗೆ ಒಂದು ಸಾಲು ಮೂಡಿತು. ತಾನು ಯಾರೆಂದು ಯಂತ್ರವನ್ನು ಕೇಳಿದಳು. ಪೂರ್ಣಾಧಿಕಾರಿ ಎಂದು ಅದು ಉತ್ತರಿಸಿತು. ಎರಡು ವರ್ಷ ಕೇಳಿ ಸಿಗದ್ದು ಹೀಗೆ ಸಿಕ್ಕಾಗ ಅವಳಿಗೆ ಸಂತೋಷವಾಗಲಿಲ್ಲ. ತನ್ನ ಜಾಗದಲ್ಲಿ ಯಾರು ಬೇಕಾದರೂ ಕೂತಿರಬಹುದಿತ್ತು.

ಯಂತ್ರ ಓಡುತ್ತಿದ್ದಷ್ಟು ಹೊತ್ತು ಡಿಸ್ಕಿನ ಬೀಗ ತೆರೆದೇ ಇತ್ತು. ಪೂರ್ಣಾಧಿಕಾರಿಗೆ ಹಳೆಯದು ಬೇಕಿರಲಿಲ್ಲ, ಅಧಿಕಾರಕ್ಕೂ ಬೀಗಕ್ಕೂ ಹೊಸ ಪಾಸ್‌ವರ್ಡ್ ಕೊಟ್ಟಳು. ಮದ್ದು ಹಾಕಿ ಯಂತ್ರ ನಿಲ್ಲಿಸಿದಳು. ನಾಲ್ಕು ವರ್ಷ ಗುಂಯ್‌ಗುಟ್ಟುತ್ತಿದ್ದ ಕೋಣೆ ಒಮ್ಮೆಲೇ ಮೌನವಾಯಿತು. ಆಮೇಲೆ ಯಂತ್ರ ಏಳುತ್ತಾ ಪಾಸ್‌ವರ್ಡ್ ಕೇಳಿತು, ಕೊಟ್ಟಳು. ಎದ್ದು ಕೂತಿತು. ಅದೇ ಪ್ರೋಗ್ರಾಂ ಇನ್ನೊಮ್ಮೆ ಓಡಿಸಿದಾಗ ಯಂತ್ರ ಅವಳನ್ನು ಹೊರಗೇ ನಿಲ್ಲಿಸಿತು.

ಮೂರಕ್ಕೆ ಹತ್ತು ನಿಮಿಷವಿತ್ತು. ಅವಳು ಒಂದು ಹೊಸ ಲಕೋಟೆ ಮತ್ತು ಪೆನ್ನು ಅವರ ಮುಂದೆ ತಳ್ಳಿದಳು.

"ಹೊಸ ಪಾಸ್‌ವರ್ಡ್ ಹೇಳ್ತೀನಿ, ಬರೀರಿ. ಹಳೇ ಲಕೋಟೆ ಹರಿಯೋದು ಹೇಗೂ ನೀವೇ ಅಲ್ವಾ? ಬದಲಾಯ್ಸೋ ಸಮಯ ಬಂದಿತ್ತು, ಇದನ್ನಿಡಿ ಅಂದ್ಬಿಡಿ. ನಾನು ಬಾಯಿ ಬಿಡಲ್ಲ."

ದೊಡ್ಡಪ್ಪ ಲಕೋಟೆಯನ್ನು ಹತ್ತಿರ ಎಳೆದುಕೊಂಡರು. ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು. "ನಂಗೆ ಹೇಳ್ಬೇಡ" ಎಂದು ಎದ್ದರು.

ಅಧೀಕ್ಷಕಿ ಬೀರುವಿನಿಂದ ಲಕೋಟೆ ತೆಗೆಯುವ ಮೊದಲೇ ದೊಡ್ಡಪ್ಪ ಎಲ್ಲ ಹೇಳಿಬಿಟ್ಟರು.

"ನಾಲ್ಕು ಸಲ ಸುಳ್ಳು ಲಕೋಟೆಗೆ ಸಹಿ ಮಾಡಿದ್ರಾ?"

"ಹೌದು, ಮೇಡಂ."

"ಒಂದಿನ ಆ ಯಂತ್ರ ನಿಂತಿದ್ರೆ?"

"ಯಾರಿಗೆ ಯಾವ ಔಷಧಿ ಅಂತ ಹೇಳೋಕೆ ನಮ್ಮ ಹತ್ರ ಏನೂ ಇರ್ತಿರಲಿಲ್ಲ."

ಅಧೀಕ್ಷಕಿ ಕಿಟಕಿಯತ್ತ ನೋಡಿದರು. ನಡೆದದ್ದನ್ನೆಲ್ಲ ಬರೆದುಕೊಡಬೇಕು, ಕೋಣೆಯ ಕಾರ್ಡು ಈಗಲೇ ಒಪ್ಪಿಸಬೇಕು, ಉಳಿದ ಹನ್ನೊಂದು ದಿನ ರಜೆ, ಬೀಳ್ಕೊಡುಗೆ ಇಲ್ಲ ಎಂದರು. ಅಷ್ಟು ವರ್ಷದ ಪರಿಚಯದವರಿಗೆ ಇದನ್ನು ಹೇಳುವುದು ಅವರಿಗೂ ಕಷ್ಟವಾಗಿತ್ತು. ದೊಡ್ಡಪ್ಪ ಕಾರ್ಡನ್ನು ಮೇಜಿನ ಮೇಲಿಟ್ಟು ಹೊರಬಂದರು.

ಕಾರಿಡಾರಿನಲ್ಲಿ ಅವಳು ಹಿಂದೆಯೇ ಓಡಿದಳು. ಕಣ್ಣು ತುಂಬಿತ್ತು.

"ದೊಡ್ಡಪ್ಪ, ನಾನು ದೂರು ಕೊಡ್ಬಾರ್ದಿತ್ತು. ನಿಮ್ಮನ್ನೇ ಇನ್ನೊಂದ್ಸಲ ಕೇಳ್ಬೇಕಿತ್ತು."

ಅವರು ನಿಂತರು. ಮುಖದಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

"ಎರಡು ವರ್ಷ ನನ್ನನ್ನೇ ಕೇಳಿದ್ಯಲ್ಲಮ್ಮ" ಎಂದರು. "ಮೊದಲನೇ ದಿನವೇ ದೂರು ಕೊಡ್ಬೇಕಿತ್ತು ನೀನು."